ಮನೆ, ಮಕ್ಕಳು, ಅಂಗಡಿ ನಡುವೆ ತಾಯಂದಿರ ತೂಕ: ಏನು ತಿನ್ನಬೇಕು, ಎಷ್ಟು ನಡೀಬೇಕು, ಎಲ್ಲಿ ತಪಾಸಣೆ? ಇಲ್ಲಿದೆ ಪೂರ್ತಿ ಮಾಹಿತಿ

ಬಾಗಲಕೋಟೆ: ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯೋದು, ಮಕ್ಕಳ ಟಿಫಿನ್, ಆಮೇಲೆ ಹೊಲ, ಮಗ್ಗ ಇಲ್ಲವೇ ಅಂಗಡಿ. ರಾತ್ರಿ ಎಲ್ಲರೂ ಉಂಡ ಮೇಲೆ ಊಟ. ಜಿಲ್ಲೆಯ ಬಹಳಷ್ಟು ತಾಯಂದಿರ ದಿನ ಹೀಗೇ ಸಾಗುತ್ತದೆ. "ಇಷ್ಟು ಕೆಲಸ ಮಾಡ್ತೀವಿ, ಆದ್ರೂ ತೂಕ ಯಾಕ ಏರತೈತಿ?" ಅನ್ನೋದು ಮನೆಮನೆಯ ಪ್ರಶ್ನೆ.

ಇದು ಒಂದಿಬ್ಬರ ಸಮಸ್ಯೆ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಲ್ಲಿ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 23ರಷ್ಟು ಮಂದಿಗೆ ತೂಕ ಹೆಚ್ಚಿತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 30 ದಾಟಿದೆ. ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ಅಂದ್ರೆ ಮೈ ದಪ್ಪ ಇದ್ದರೂ ಒಳಗೆ ರಕ್ತ ಇಲ್ಲ. ಹಾಗಾಗಿ ಊಟ ಬಿಟ್ಟು ಉಪವಾಸ ಮಾಡಿ ತೂಕ ಇಳಿಸೋದು ತಾಯಂದಿರಿಗೆ ಸರಿಯಾದ ದಾರಿ ಅಲ್ಲ.

ಮೊದಲು ಟೇಪ್ ಹಿಡಿಯಿರಿ

ಸೀರೆ ಎಷ್ಟು ದಪ್ಪ ಆದರೂ ಹೊಂದಿಕೊಳ್ಳುತ್ತದೆ, ಹಾಗಾಗಿ ತೂಕ ಏರಿದ್ದು ಗೊತ್ತಾಗೋದು ಜಂಪರ್ ಬಿಗಿಯಾದಾಗ. ಅಲ್ಲಿವರೆಗೆ ಕಾಯಬೇಡಿ. ಟೇಲರ್ ಟೇಪ್ ತಗೊಂಡು, ಉಸಿರು ಬಿಟ್ಟ ಮೇಲೆ, ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಅಳತೆ ಮಾಡಿ.

- ಹೆಣ್ಣುಮಕ್ಕಳಿಗೆ 80 ಸೆಂ.ಮೀ. (ಸುಮಾರು 31.5 ಇಂಚು) ಒಳಗಿದ್ದರೆ ಚಲೋ.
- 80 ದಾಟಿದರೆ ಎಚ್ಚರ. 90 ಸೆಂ.ಮೀ. (ಸುಮಾರು 35.5 ಇಂಚು) ದಾಟಿದರೆ ತಪಾಸಣೆ ಮುಂದೂಡಬೇಡಿ.
- ತೂಕದ ಲೆಕ್ಕ: ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 5 ಅಡಿ ಎತ್ತರದವರಿಗೆ ಇದು ಸುಮಾರು 53 ಮತ್ತು 58 ಕೆ.ಜಿ. 5 ಅಡಿ 2 ಇಂಚು ಇದ್ದವರಿಗೆ ಸುಮಾರು 57 ಮತ್ತು 62 ಕೆ.ಜಿ.

ಹೊಟ್ಟೆ ಸುತ್ತಲಿನ ಕೊಬ್ಬೇ ಶುಗರ್, ಬಿಪಿ, ಹೃದಯದ ತೊಂದರೆಗೆ ಹೆಚ್ಚು ಕಾರಣ. ಅದಕ್ಕೆ ತೂಕದ ಜೊತೆ ಅಳತೆಯೂ ಮುಖ್ಯ.

ಕೆಲಸ ಇದೆ, ಆದರೆ ಕೂತ ಕೆಲಸ

ಇಳಕಲ್‌ನಲ್ಲಿ ಸೀರೆ ನೇಯೋರು, ಗುಳೇದಗುಡ್ಡದಲ್ಲಿ ಖಣ ನೇಯೋರು, ಕಂಡಿಕೆ ಸುತ್ತೋರು, ಹೊಲಿಗೆ ಮಷಿನ್ ಮುಂದೆ ಇರೋರು, ಕಿರಾಣಿ ಗಲ್ಲಾ ಮೇಲೆ ಕೂರೋರು ದಿನಕ್ಕೆ ಎಂಟ್ಹತ್ತು ತಾಸು ಕೂತೇ ಇರ್ತಾರೆ. ಕೈಗೆ, ಕಣ್ಣಿಗೆ ದಣಿವು ಆಗುತ್ತದೆ, ಆದರೆ ಉಸಿರು ಏರೋವಷ್ಟು ಮೈ ಓಡಾಡೋದಿಲ್ಲ. ಮಿಕ್ಸರ್, ಬೈಕ್, ಮನೆಗೇ ಬರೋ ನಳದ ನೀರು ದೇಹದ ಕೆಲಸ ಇನ್ನೂ ಕಡಿಮೆ ಮಾಡಿವೆ.

ತೂಕ ಏರೋದು ಎಲ್ಲಿಂದ?

ಚಹಾ: ದಿನಕ್ಕೆ 5 ಕಪ್, ಕಪ್ಪಿಗೆ 2 ಚಮಚ ಸಕ್ಕರೆ ಅಂದ್ರೆ ಸುಮಾರು 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅಂತ. ಕಪ್ ಕಡಿಮೆ ಮಾಡೋಕೆ ಆಗದಿದ್ದರೆ ಚಮಚ ಅರ್ಧ ಮಾಡಿ.

ಎಣ್ಣೆ: ಒಬ್ಬರಿಗೆ ತಿಂಗಳಿಗೆ ಸುಮಾರು ಅರ್ಧ ಲೀಟರ್ ಸಾಕು. ನಾಲ್ಕು ಜನರ ಮನೆಗೆ 2ರಿಂದ 2.5 ಲೀಟರ್. ಕಿರಾಣಿ ಚೀಟಿಯಲ್ಲಿ 5 ಲೀಟರ್ ಡಬ್ಬಿ ಇದ್ದರೆ ಉತ್ತರ ಅಲ್ಲೇ ಇದೆ. ಮಿರ್ಚಿ ಭಜಿ ವಾರಕ್ಕೊಮ್ಮೆ ಆದರೆ ಚಿಂತೆ ಇಲ್ಲ, ದಿನಾ ಸಂಜೆ ಆದರೆ ಕಷ್ಟ.

ಉಳಿದದ್ದು: ಮಕ್ಕಳು ಬಿಟ್ಟ ಅನ್ನ, ಉಳಿದ ಪಲ್ಯ ಚೆಲ್ಲಬಾರದು ಅಂತ ತಾಯಿಯೇ ತಿಂತಾಳೆ. ಇದು ಲೆಕ್ಕಕ್ಕೇ ಬರೋದಿಲ್ಲ. ಮೊದಲೇ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕಿ.

ತಡ ಊಟ: ರಾತ್ರಿ ಹತ್ತಕ್ಕೆ ಉಂಡು ಹಾಗೇ ಮಲಗೋದು ಬಿಡಿ. ಮಕ್ಕಳ ಜೊತೆಗೇ ಎಂಟರೊಳಗೆ ಕೂತು ಉಣ್ಣಿ. ಇದಕ್ಕೆ ಮನೆ ಮಂದಿ ಒಪ್ಪಬೇಕು, ಒಪ್ಪಿಸಬೇಕು.

ನಮ್ಮ ಊಟವೇ ಚಲೋ

ದುಬಾರಿ ಪೌಡರ್, ಓಟ್ಸ್ ಬೇಕಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರಿನಂಶ ಇದೆ. ಬಿಳಿ ಅಕ್ಕಿಯಲ್ಲಿ ನಾರಿನಂಶ 3 ಗ್ರಾಂ ಕೂಡ ಇಲ್ಲ. ಸಜ್ಜೆಯಲ್ಲಿ ಇವೆರಡರ ಜೊತೆ ಕಬ್ಬಿಣಾಂಶವೂ ಇದೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಅಂದ್ರೆ ಸುಮಾರು 165 ಕ್ಯಾಲೋರಿ, ಅದಕ್ಕೆ ಎಣ್ಣೆಯೂ ಬೇಡ.

- ಊಟಕ್ಕೆ ಎರಡು ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ (ಮಡಿಕೆ, ಹೆಸರು), ಜೊತೆಗೆ ಪುಂಡಿಪಲ್ಯ ಇಲ್ಲವೇ ಮೆಂತ್ಯ.
- ಹಸಿ ಹಕ್ಕರಿಕೆ, ಮೂಲಂಗಿ, ಸೌತೆಕಾಯಿ, ಗಜ್ಜರಿ ಮೊದಲು ತಿನ್ನಿ, ಹೊಟ್ಟೆ ಬೇಗ ತುಂಬುತ್ತದೆ.
- ಶೇಂಗಾ ಚಟ್ನಿ ಒಂದು ಚಮಚ ಸಾಕು. ಅದರಲ್ಲೇ ಸುಮಾರು 80 ಕ್ಯಾಲೋರಿ.
- ರಾತ್ರಿ ರೊಟ್ಟಿ ಮತ್ತು ಅನ್ನ ಎರಡೂ ಬೇಡ, ಒಂದೇ ಇರಲಿ.
- ಊಟ ಆದ ತಕ್ಷಣ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತೋದಿಲ್ಲ. ಒಂದು ತಾಸು ಬಿಡಿ.

ಬಾದಾಮಿ ಬನಶಂಕರಿಗೆ ಹೋದವರು ಬುಟ್ಟಿ ಹೊತ್ತ ಅಜ್ಜಿಯರ ಕಡೆ ಉಣ್ಣೋ ರೊಟ್ಟಿ, ಪಲ್ಯ, ಮೊಸರಿನ ಊಟ ಇದಕ್ಕೆ ಒಳ್ಳೇ ಮಾದರಿ.

ಬಾಣಂತಿಯರಿಗೆ

ಅಮೀನಗಡದ ಕರದಂಟು, ಅಂಟಿನುಂಡಿ ನಮ್ಮ ಕಡೆ ಬಾಣಂತನದ ಮರ್ಯಾದೆ. ಬೆಲ್ಲ, ತುಪ್ಪ, ಒಣಹಣ್ಣು ಎಲ್ಲಾ ಇರೋದರಿಂದ ಶಕ್ತಿ ಬರುತ್ತದೆ ನಿಜ. ಆದರೆ ದಿನಕ್ಕೆ ಒಂದು ಸಣ್ಣ ತುಂಡು ಸಾಕು, ಬಂದವರು ತಂದ ಡಬ್ಬಿ ಎಲ್ಲಾ ಮುಗಿಸಬೇಕಂತಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡೋ ಪದ್ಧತಿ ಬಿಡಿ. ಹಾಲುಣಿಸೋ ತಾಯಿಗೆ ನೀರು ಹೆಚ್ಚು ಬೇಕು.

ಮೊದಲ ಆರು ತಿಂಗಳು ಡಯಟ್ ಅಂತ ಊಟ ಕಡಿಮೆ ಮಾಡಬೇಡಿ. ಸಹಜ ಹೆರಿಗೆ ಆದವರು ಆರಾಮ ಅನಿಸಿದಾಗ ನಿಧಾನ ನಡಿಗೆ ಶುರು ಮಾಡಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳದೆ ಹೊಟ್ಟೆಯ ವ್ಯಾಯಾಮ ಮಾಡಬಾರದು. ಬಸುರಿದ್ದಾಗ ಶುಗರ್ ಬಂದಿದ್ದರೆ ಹೆರಿಗೆಯಾಗಿ 6ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ ಕಡ್ಡಾಯ. ಹೆರಿಗೆ ಆಯ್ತು, ಶುಗರ್ ಹೋಯ್ತು ಅಂತ ಬಿಟ್ಟವರಿಗೆ ಮುಂದೆ ಅದು ಕಾಯಂ ಆಗೋ ಸಾಧ್ಯತೆ ಹೆಚ್ಚು. ಹೆರಿಗೆ ನಂತರ 180 ದಿನ ಕಬ್ಬಿಣಾಂಶದ ಗುಳಿಗೆ ಸರ್ಕಾರದಿಂದ ಉಚಿತ.

ಟೈಮ್ ಎಲ್ಲಿದೆ?

ಬೇಕಾಗಿರೋದು ವಾರಕ್ಕೆ 150 ನಿಮಿಷ. ಅಂದ್ರೆ ವಾರದಲ್ಲಿ ಐದು ದಿನ 30 ನಿಮಿಷ. ಒಮ್ಮೆಲೇ ಆಗದಿದ್ದರೆ 10 ನಿಮಿಷದಂತೆ ಮೂರು ಸಲ.

- ಶಕ್ತಿ ಯೋಜನೆ ಬಸ್ಸಿನಲ್ಲಿ ಹೋಗೋರು ಒಂದು ಸ್ಟಾಪ್ ಮೊದಲೇ ಇಳಿದು ನಡೀರಿ.
- ಮಕ್ಕಳನ್ನು ಹತ್ತಿರದ ಶಾಲೆಗೆ ಬೈಕ್ ಬದಲು ನಡೆಸಿಕೊಂಡು ಬಿಟ್ಟು ಬನ್ನಿ.
- ಮಗ್ಗ, ಗಲ್ಲಾ ಮೇಲೆ ಇರೋರು ತಾಸಿಗೊಮ್ಮೆ ಎದ್ದು ಐದು ನಿಮಿಷ ಓಡಾಡಿ.
- ನವನಗರದ ಸೆಕ್ಟರ್ ರಸ್ತೆ, ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆ, ಇಲ್ಲವೇ ನಿಮ್ಮೂರ ಶಾಲೆ ಮೈದಾನ ಸಾಕು. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ.
- ಓಣಿಯ ಇಬ್ಬರು ಮೂವರು ಕೂಡಿ ಹೋದರೆ ಬಿಡೋದು ಕಡಿಮೆ.

ನಡೆಯುವಾಗ ಮಾತಾಡೋಕೆ ಬರಬೇಕು, ಹಾಡೋಕೆ ಬರಬಾರದು. ಅಷ್ಟು ವೇಗ ಸರಿ.

ಎಲ್ಲಿ ತಪಾಸಣೆ?

30 ವರ್ಷ ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಸೊಂಟದ ಅಳತೆ, ತಂಬಾಕು, ನಡಿಗೆ, ಮನೆತನದ ಕಾಯಿಲೆ ಕೇಳಿ ಒಂದು ಫಾರ್ಮ್ ತುಂಬುತ್ತಾರೆ. ಅದರಲ್ಲಿ ಅಂಕ 4 ದಾಟಿದರೆ ಮೊದಲ ಆದ್ಯತೆ ಮೇಲೆ ತಪಾಸಣೆ ಆಗಬೇಕು. ಎಲೆ-ಅಡಿಕೆ ಜೊತೆ ತಂಬಾಕು ಹಾಕೋರು ಅದನ್ನು ಮುಚ್ಚಿಡದೆ ಹೇಳಿ.

ತೂಕದ ಜೊತೆ ಮುಟ್ಟು ಏರುಪೇರು, ವಿಪರೀತ ಸುಸ್ತು, ಕೂದಲು ಉದುರೋದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪದೇ ಪದೇ ಬಾಯಾರಿಕೆ, ಮೂತ್ರ ಇದ್ದರೆ ಶುಗರ್ ನೋಡಿಸಿ. ಎದೆನೋವು ಬಂದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಆರೋಗ್ಯ ಸಲಹೆಗೆ 104.

ಎಚ್ಚರ ಇರಲಿ

"ತಿಂಗಳಿಗೆ 10 ಕೆ.ಜಿ. ಇಳಿಸ್ತೀವಿ" ಅನ್ನೋ ಪೌಡರ್, ಗುಳಿಗೆ, ವಾಟ್ಸಾಪ್ ಕಷಾಯ ನಂಬಬೇಡಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು. 70 ಕೆ.ಜಿ. ಇರೋರು ಬರೀ ಮೂರೂವರೆ ಕೆ.ಜಿ. ಇಳಿಸಿದರೂ ಬಿಪಿ, ಶುಗರ್ ಹತೋಟಿಗೆ ಬರಲು ಅನುಕೂಲ. ಈಗಾಗಲೇ ಶುಗರ್, ಬಿಪಿ ಗುಳಿಗೆ ತಗೊಳ್ಳೋರು ಊಟ ಬದಲಿಸೋ ಮೊದಲು ವೈದ್ಯರನ್ನು ಕೇಳಿ, ಗುಳಿಗೆ ತಾವಾಗಿ ನಿಲ್ಲಿಸಬೇಡಿ.