ಸ್ಪ್ಯಾನಿಷ್ ಕ್ರಿಯಾಪದಗಳ ಸ್ವರಾಘಾತ ಮತ್ತು ದಾಖಲೆಗಳ ಓದು

ಹದಿನಾರನೆಯ ಶತಮಾನದ ಸ್ಪೇನಿನ ಕೈಬರೆಹಗಳನ್ನು ಓದುವ ಇತಿಹಾಸಕಾರನಿಗೆ ವ್ಯಾಕರಣದ ಒಂದು ಅಲ್ಪ ವಿಷಯವು ದೊಡ್ಡ ತೊಡಕಾಗಿ ಪರಿಣಮಿಸುವುದುಂಟು. ‘ಮಂದೊ’ ಎಂಬ ಕ್ರಿಯಾರೂಪವನ್ನೇ ನೋಡಬಹುದು. ಅದನ್ನು ‘ಮನ್-ದೊ’ ಎಂದು ಎರಡು ಅಕ್ಷರಗಳಾಗಿ ಬಿಡಿಸುವುದರಲ್ಲಿ ಸಂದೇಹವಿಲ್ಲ. ಆದರೆ ಸ್ವರಾಘಾತವು ಮೊದಲನೆಯದರ ಮೇಲೆ ಬಿದ್ದರೆ ‘ಆಜ್ಞಾಪಿಸುತ್ತೇನೆ’ ಎಂದೂ ಎರಡನೆಯದರ ಮೇಲೆ ಬಿದ್ದರೆ ‘ಆಜ್ಞಾಪಿಸಿದನು’ ಎಂದೂ ಅರ್ಥವಾಗುತ್ತದೆ. ಇಂದಿನ ಬರೆಹದಲ್ಲಿ ಎರಡನೆಯ ರೂಪದ ಕೊನೆಯ ಸ್ವರದ ಮೇಲೆ ಓರೆಗೆರೆಯಿರುತ್ತದೆ. ಅಂದಿನ ಲಿಪಿಕಾರರು ಸಾಮಾನ್ಯವಾಗಿ ಅದನ್ನು ಹಾಕುತ್ತಿರಲಿಲ್ಲ. ಆಜ್ಞೆಯು ಬರೆದವನದೋ ಮತ್ತೊಬ್ಬನದೋ ಎಂಬುದನ್ನು ಆಧುನಿಕ ಸಂಪಾದಕನು ಗೆರೆಯೆಳೆಯುವಾಗಲೇ ತೀರ್ಮಾನಿಸಿಬಿಟ್ಟಿರುತ್ತಾನೆ.

ಈ ಆಘಾತವನ್ನು ನಮ್ಮ ಛಂದಸ್ಸಿನ ಗುರುವೆಂದು ಭ್ರಮಿಸಲಾಗದು. ಇಲ್ಲಿ ಮುಖ್ಯವಾದುದು ಮಾತ್ರೆಯಲ್ಲ, ಉಚ್ಚಾರಣೆಯ ಒತ್ತು. ಪದವು ಸ್ವರದಿಂದಾಗಲಿ ನಕಾರ ಸಕಾರಗಳಿಂದಾಗಲಿ ಮುಗಿದರೆ ಉಪಾಂತ್ಯಾಕ್ಷರಕ್ಕೂ, ಇತರ ವ್ಯಂಜನಗಳಿಂದ ಮುಗಿದರೆ ಅಂತ್ಯಾಕ್ಷರಕ್ಕೂ ಒತ್ತು. ಇದನ್ನು ಮೀರಿದಲ್ಲಿ ಗೆರೆ ಎಂಬುದು ಇಂದಿನ ಸಾಮಾನ್ಯ ನಿಯಮ. ಮೊದಲು ಅಕ್ಷರ ಬಿಡಿಸಿ, ಅನಂತರ ಒತ್ತನ್ನು ಹುಡುಕಬೇಕೆಂದು ಪಾಠಪುಸ್ತಕಗಳು ಹೇಳುತ್ತವೆ. ಗೆರೆಯಿಲ್ಲದ ಹಸ್ತಪ್ರತಿಯಲ್ಲಿ ಈ ಕ್ರಮವು ನಡೆಯದು. ‘ಮುಂದುವರಿಸುತ್ತೇನೆ’ ಎಂಬರ್ಥದ ‘ಕೊನ್-ತಿ-ನೂ-ಒ’ ನಾಲ್ಕು ಅಕ್ಷರಗಳದು, ಒತ್ತು ಮೂರನೆಯದರ ಮೇಲೆ. ‘ಮುಂದುವರಿಸಿದನು’ ಎಂಬರ್ಥದ ‘ಕೊನ್-ತಿ-ನ್ವೊ’ ಮೂರರದು, ಒತ್ತು ಕೊನೆಯದರ ಮೇಲೆ. ಗೆರೆಯನ್ನು ತೆಗೆದರೆ ಎರಡರ ಬರೆಹವೂ ಒಂದೇ. ಇಲ್ಲಿ ಅರ್ಥವನ್ನು ನಿಶ್ಚಯಿಸಿದ ಮೇಲೆಯೇ ಅಕ್ಷರಗಳನ್ನು ಎಣಿಸಲು ಸಾಧ್ಯ.

ಸಮಸ್ಯೆಯು ಆ ಕಾಲದವರಿಗೆ ತಿಳಿದಿರಲಿಲ್ಲವೆಂದಲ್ಲ. ಆಂತೋನಿಯೊ ದೆ ನೆಬ್ರೀಹನು 1492ರಲ್ಲಿ ಸಾಲಮಾಂಕದಲ್ಲಿ ಪ್ರಕಟಿಸಿದ ಕಾಸ್ತಿಲಿಯನ್ ವ್ಯಾಕರಣದ ಎರಡನೆಯ ಭಾಗವು ಅಕ್ಷರ ಮತ್ತು ಆಘಾತಗಳಿಗೇ ಮೀಸಲಾಗಿದೆ. ಮೂಲವಾದ ಲ್ಯಾಟಿನಿನಿಂದಲೇ ಒತ್ತನ್ನು ನಿರ್ಣಯಿಸೋಣವೆಂದರೆ ಅದೂ ಸರ್ವತ್ರ ಸುರಕ್ಷಿತವಲ್ಲ. ‘ಪ್ರೀತಿಸುತ್ತಿದ್ದೆವು’ ಎಂಬರ್ಥದ ‘ಅಮಾಬಾಮುಸ್’ ಲ್ಯಾಟಿನಿನಲ್ಲಿ ಮೂರನೆಯ ಅಕ್ಷರದಲ್ಲಿ ಒತ್ತನ್ನು ಪಡೆದಿತ್ತು. ಸ್ಪ್ಯಾನಿಷ್ ‘ಅಮಾಬಮೊಸ್’ ರೂಪದಲ್ಲಿ, ಏಕವಚನದ ‘ಅಮಾಬ’ವನ್ನು ಅನುಸರಿಸಿ, ಅದು ಎರಡನೆಯದಕ್ಕೆ ಸರಿಯಿತು.

1713ರಲ್ಲಿ ಸ್ಥಾಪಿತವಾದ ಸ್ಪ್ಯಾನಿಷ್ ಅಕಾಡೆಮಿಯು 1741ರಲ್ಲಿ ತನ್ನ ಮೊದಲ ಕಾಗುಣಿತಗ್ರಂಥವನ್ನು ಹೊರತಂದಿತು. ಅದರ ನಿಯಮಗಳೂ ಸ್ಥಿರವಾಗಿ ನಿಲ್ಲಲಿಲ್ಲ. ‘ಕೊಟ್ಟನು’ ಎಂಬರ್ಥದ ಏಕಾಕ್ಷರ ‘ದ್ಯೊ’ ರೂಪದ ಮೇಲಿನ ಗೆರೆಯು 1959ರಲ್ಲಿ ಜಾರಿಗೆ ಬಂದ ನಿಯಮಗಳಿಂದ ಲೋಪವಾಯಿತು. 2010ರ ಗ್ರಂಥವು ‘ದಾರಿ ತೋರಿಸಿದನು’ ಎಂಬರ್ಥದ ‘ಗ್ಯೊ’ವನ್ನೂ ಗೆರೆಯಿಲ್ಲದೆ ಬರೆಯಬೇಕೆಂದಿತು; ಅದನ್ನು ‘ಗಿ-ಒ’ ಎಂದು ಎರಡಕ್ಷರವಾಗಿ ನುಡಿಯುವವರೂ ಉಂಟು, ಆದರೆ ಕಾಗದದ ಮೇಲೆ ಅದು ಒಂದೇ. ಆದುದರಿಂದ 1930ರ ಮುದ್ರಣದಲ್ಲಿ ‘ದ್ಯೊ’ ಮೇಲೆ ಕಾಣುವ ಗೆರೆಯು ಮುದ್ರಣಕಾಲದ ರೂಢಿಯನ್ನು ತಿಳಿಸಬಹುದೇ ಹೊರತು ಮೂಲಪತ್ರದ ಲಿಪಿಕಾರನ ಕೈಯನ್ನಲ್ಲ.