ಆಕಾಶಯುದ್ಧವೂ ನಿರಾಯುಧರೂ



ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಗೆ ಬೆಂಗಳೂರಿನ ವಿಮಾನ ಕಾರ್ಖಾನೆಯು ಬಹು ದೂರದ್ದಲ್ಲ. 1940ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯಲ್ಲಿ, ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ವಿನ್ಯಾಸಕಾರರ ನೇತೃತ್ವದಲ್ಲಿ ರೂಪುಗೊಂಡ ‘ಮಾರುತ’ ಎಂಬ ಜೆಟ್ ಯುದ್ಧವಿಮಾನವು 1961ರ ಜೂನ್ ತಿಂಗಳಲ್ಲಿ ಪ್ರಥಮವಾಗಿ ಗಗನಕ್ಕೇರಿತು. ನಾಡಿಗೆ ಅದು ಹೆಮ್ಮೆಯ ವಿಷಯವೇ ಸರಿ. ಆದರೆ ಜೆಟ್ಟಿನ ವೇಗವು ಮಾನವನ ವಿವೇಚನೆಗೆ ಎಷ್ಟು ಅವಕಾಶವನ್ನು ಉಳಿಸಿತು? ಈ ಪ್ರಶ್ನೆಯನ್ನು 1965ರ ಭಾರತ-ಪಾಕಿಸ್ತಾನ ಯುದ್ಧದ ಎರಡು ಪ್ರಸಂಗಗಳ ಮುಂದಿಟ್ಟು ನೋಡಬಹುದು.

ಆ ವರ್ಷದ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಸರ್ಗೋಧಾ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತಲೂ ಬಹು ವೇಗಶಾಲಿಯಾದ ಸ್ಟಾರ್‌ಫೈಟರನ್ನು ಕೆಡವಿ ತಾವೂ ವೀರಮರಣವನ್ನಪ್ಪಿದರು. ಮಹಾವೀರ ಚಕ್ರವು ಅವರಿಗೆ ಸಂದುದು 1988ರಲ್ಲಿ. ಇದು ಯೋಧನು ಯೋಧನನ್ನು ಎದುರಿಸಿದ ಕಾಳಗ. ಇದರ ಧರ್ಮವನ್ನು ನಮ್ಮ ಹಿರಿಯರೂ ಬಲ್ಲರು.

ಸೆಪ್ಟೆಂಬರ್ 19ರ ಘಟನೆಯು ಹಾಗಲ್ಲ. ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹತಾ ಅವರು ಅಂದು ಪತ್ನಿಯೊಡನೆ ಮಿಠಾಪುರದಿಂದ ಕಚ್ಛದ ಕಡೆಗೆ ಪುಟ್ಟ ನಾಗರಿಕ ವಿಮಾನವೊಂದರಲ್ಲಿ ಹೊರಟಿದ್ದರು. ಇಂದು ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿಯ ಮಾತು ನಡೆಯುವುದಾದರೆ, 1957ರಲ್ಲಿ ಮೂರು ಹಂತದ ಪಂಚಾಯತ್ ವ್ಯವಸ್ಥೆಯನ್ನು ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರು ಇವರೇ ಎಂಬುದನ್ನು ಮರೆಯಲಾಗದು. ಪಾಕಿಸ್ತಾನದ ಸೇಬರ್ ಜೆಟ್ಟೊಂದು ಇವರ ವಿಮಾನವನ್ನು ಅಡ್ಡಗಟ್ಟಿತು. ಅದನ್ನು ನಡೆಸುತ್ತಿದ್ದ ಕೈಸ್ ಹುಸೇನ್ ಎಂಬ ತರುಣನು, ಕಂಡದ್ದು ನಾಗರಿಕ ವಿಮಾನವೆಂದು ನೆಲದ ನಿಯಂತ್ರಕರಿಗೆ ತಿಳಿಸಿದನು. ಆ ಪುಟ್ಟ ವಿಮಾನವು ಕರುಣೆಯನ್ನು ಯಾಚಿಸುವಂತೆ ರೆಕ್ಕೆಗಳನ್ನು ಅಲುಗಿಸಿತೆಂದು ಅವನೇ ಮುಂದೆ ಹೇಳಿದ್ದಾನೆ. ಹೊಡೆದುರುಳಿಸುವಂತೆ ಆಜ್ಞೆ ಬಂದಿತು. ಒಳಗಿದ್ದ ಎಂಟು ಮಂದಿಯೂ ಸತ್ತರು.

ಕಂಡವನಿಗೆ ಸಂಶಯವಿತ್ತು, ಆಜ್ಞೆಯಿತ್ತವನು ಕಂಡಿರಲಿಲ್ಲ. ಹಿಂದಿನ ಕಾಲದ ಕತ್ತಿಯೂ ನಿರಪರಾಧಿಗಳನ್ನು ಬಿಟ್ಟಿರಲಿಲ್ಲ, ನಿಜ. ಆದರೆ ಕತ್ತಿಯನ್ನು ಹಿಡಿದವನು ಎದುರಿನವನ ಮುಖವನ್ನಾದರೂ ನೋಡುತ್ತಿದ್ದನು.

46 ವರ್ಷಗಳ ನಂತರ, 2011ರಲ್ಲಿ, ಹುಸೇನರು ಆ ವಿಮಾನದ ಚಾಲಕರಾಗಿದ್ದ ಜಹಾಂಗೀರ್ ಎಂಜಿನಿಯರ್ ಅವರ ಮಗಳಿಗೆ ಪತ್ರ ಬರೆದು ದುಃಖವನ್ನು ನಿವೇದಿಸಿಕೊಂಡರು. ಆ ತಾಯಿಯು ಮರುಪತ್ರದಲ್ಲಿ, ತಮ್ಮ ಮನೆಯವರು ಅವರ ಮೇಲೆ ದ್ವೇಷವನ್ನು ಇಟ್ಟುಕೊಂಡಿರಲಿಲ್ಲವೆಂದೂ, ಆ ಯುದ್ಧದ ಆಟದಲ್ಲಿ ಎಲ್ಲರೂ ದಾಳಗಳೇ ಆಗಿದ್ದರೆಂದೂ ತಿಳಿಸಿದರು.