ನ್ಯಾಯಾಧೀಶ ಬರ್ನೆಲ್ ಬಿಟ್ಟುಹೋದ ಕಾಗದಪತ್ರಗಳು

ಮಂಗಳೂರಿನಲ್ಲಿಯೂ ತಂಜಾವೂರಿನಲ್ಲಿಯೂ ನ್ಯಾಯಾಧೀಶನಾಗಿದ್ದ ಆರ್ಥರ್ ಕೋಕ್ ಬರ್ನೆಲ್‌ನ ಹೆಸರು ತುಳುನಾಡಿನ ಇತಿಹಾಸಾಸಕ್ತರಿಗೆ ಅಪರಿಚಿತವಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಈತನು 1860ರಲ್ಲಿ ಮದರಾಸು ಪ್ರಾಂತ್ಯದ ಸಿವಿಲ್ ಸೇವೆಗೆ ಬಂದನು. ನ್ಯಾಯಪೀಠದ ದುಡಿಮೆಯಲ್ಲಿ ದೊರೆತ ಬಿಡುವನ್ನೆಲ್ಲ ಹಸ್ತಪ್ರತಿ, ಶಾಸನಗಳ ವ್ಯಾಸಂಗಕ್ಕೆ ಮೀಸಲಿಟ್ಟನು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವನ ಪ್ರಸಿದ್ಧ ಗ್ರಂಥವು 1874ರಲ್ಲಿ ಅಚ್ಚಾದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ ಎಂಬುದು ಈ ಜಿಲ್ಲೆಗೆ ಅಭಿಮಾನದ ಸಂಗತಿ.

ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ ಬರ್ನೆಲ್ 1882ರಲ್ಲಿ, ತನ್ನ 42ನೆಯ ವಯಸ್ಸಿನಲ್ಲಿ ನಿಧನನಾದನು. ಅರ್ಧಕ್ಕೆ ನಿಂತ ಬರಹಗಳು ಅನ್ಯರ ಕೈಸೇರಿದುವು. ಮನುಸ್ಮೃತಿಯ ಆಂಗ್ಲಾನುವಾದವನ್ನು ಹಾಪ್ಕಿನ್ಸ್ ಮುಗಿಸಿ 1884ರಲ್ಲಿ ಹೊರತಂದನು. ‘ಹಾಬ್ಸನ್-ಜಾಬ್ಸನ್’ ಪದಕೋಶವು ಸಹಕರ್ತೃ ಯೂಲನಿಂದ 1886ರಲ್ಲಿ ಬೆಳಕು ಕಂಡಿತು.

ಆದರೆ ತುಳುವರಿಗೆ ಇವೆಲ್ಲಕ್ಕಿಂತ ಮಿಗಿಲಾದುದು ಆ ಕಾಗದಗಳಲ್ಲಿ ಉಳಿದಿದ್ದ ಪಾಡ್ದನಗಳ ಸಂಗ್ರಹ. ಬಾಯಿಂದ ಬಾಯಿಗೆ ಸಾಗಿ ಬಂದ ಈ ಹಾಡುಗಳು ಹಾಡುವವರೊಡನೆಯೇ ಮರೆಯಾಗುವಂಥವು. ಆರ್. ಸಿ. ಟೆಂಪಲ್ ಅವುಗಳನ್ನು ಪರಿಷ್ಕರಿಸಿ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಲೇಖನಮಾಲೆಯ ಶೀರ್ಷಿಕೆ ಮಾತ್ರ ಇದನ್ನು ಪಿಶಾಚಾರಾಧನೆಯೆಂದು ಕರೆಯಿತು. ಜೈನರ ಬೀಡುಗಳಲ್ಲಿಯೂ ನಂಬಿ ನಡೆದುಕೊಂಡು ಬಂದ ದೈವಗಳಿಗೆ ಆ ಹೆಸರು ಎಷ್ಟು ಮಾತ್ರವೂ ಸಲ್ಲದು. ಅದೇನೇ ಇರಲಿ, ಕೋಟಿ-ಚೆನ್ನಯರ ಕಥೆಯ ಒಂದು ಹಳೆಯ ಪಾಠ ಅಚ್ಚಿನಲ್ಲಿ ಉಳಿದುದು ಈ ನ್ಯಾಯಾಧೀಶನ ಕಾಗದಗಳಿಂದಲೇ.